ಬೀದಿಯ ಕ್ಯಾಮೆರಾ ನಮ್ಮ ಹೊಸ್ತಿಲು ದಾಟಬಹುದೇ?

ದೇವರಾಜ ಮೊಹಲ್ಲಾದ ನಮ್ಮ ಓಣಿಯ ಮೂಲೆಯ ಕಂಬಕ್ಕೆ ಕ್ಯಾಮೆರಾ ಹಾಕಿಸಬೇಕೆಂದು ಚಂದಾ ಎತ್ತಿದಾಗ ಹಣ ಕೊಟ್ಟವರಲ್ಲಿ ನಾನೂ ಒಬ್ಬಳು. ಸಂಜೆ ದೇವಸ್ಥಾನದಿಂದ ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರ ಕೊರಳಿನ ಸರವನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಮಾರ್ಕೆಟ್ಟಿಗೆ ಹೋಗಿಬರುವ ಜನ, ಸಯ್ಯಾಜಿರಾವ್ ರಸ್ತೆಯ ಗದ್ದಲ, ದಸರಾ ಬಂತೆಂದರೆ ಕಾಲಿಡಲೂ ಜಾಗವಿರದ ಓಣಿಗಳು. ಇಲ್ಲಿ ಒಂದು ಕಣ್ಣು ಇದ್ದರೆ ಒಳ್ಳೆಯದೇ ಎಂದುಕೊಂಡೆವು. ಕ್ಯಾಮೆರಾ ಬಂತು. ಅದರ ಕೆಳಗೆ "ಈ ಪ್ರದೇಶ ಪೊಲೀಸ್ ಕಣ್ಗಾವಲಿನಲ್ಲಿದೆ" ಎಂಬ ಹಲಗೆಯೂ ಬಂತು. ನಮಗೆಲ್ಲ ಸಮಾಧಾನವಾಯಿತು.

ಐದಾರು ತಿಂಗಳು ಕಳೆದಿರಬಹುದು. ನಮ್ಮ ಸ್ವಸಹಾಯ ಸಂಘದ ಸದಸ್ಯೆಯೊಬ್ಬಳು ವಾರದ ಸಭೆಗೆ ಬರುವುದನ್ನು ನಿಲ್ಲಿಸಿದಳು. ಗಂಡನ ಮನೆಯವರ ಹೊಡೆತ ಬಡಿತ ತಾಳಲಾರದೆ, ಸೈಟಿಗೆ ಹಣ ತಾ ಎಂಬ ಕಾಟ ತಾಳಲಾರದೆ, ಮಗುವನ್ನು ಕಟ್ಟಿಕೊಂಡು ತಾಯಿಯ ಮನೆಗೆ ಬಂದು ಸೇರಿದ್ದವಳು ಅವಳು. ಉಳಿತಾಯದ ಹಣವನ್ನು ತಾಯಿಯ ಕೈಯಲ್ಲಿ ಕಳಿಸುತ್ತಿದ್ದಳೇ ಹೊರತು ತಾನು ಬರುತ್ತಿರಲಿಲ್ಲ. ಮನೆಗೆ ಹೋಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅವರಿಗೆ ಎಲ್ಲಾ ಗೊತ್ತಾಗುತ್ತೆ ಮೇಡಂ" ಎಂದಳು. ಗಂಡ ಫೋನು ಮಾಡಿ, ಮಂಗಳವಾರ ಹನ್ನೊಂದೂಕಾಲಿಗೆ ಕೆಂಪು ಸೀರೆ ಉಟ್ಟು ಆಟೋ ಹತ್ತಿದೆಯಲ್ಲ, ಯಾವ ವಕೀಲರ ಹತ್ತಿರ ಹೋಗಿದ್ದೆ, ಮಧ್ಯಾಹ್ನ ಬಾಗಿಲಿಗೆ ಬಂದು ಹೋದ ಗಂಡಸು ಯಾರು ಎಂದು ಕೇಳಿದ್ದನಂತೆ. ಬಂದು ಹೋದ ಗಂಡಸು ಗ್ಯಾಸ್ ಸಿಲಿಂಡರ್ ತಂದವನು.

ಹೊರಗೆ ಬಂದು ತಲೆ ಎತ್ತಿ ನೋಡಿದೆ. ನಾವು ಚಂದಾ ಕೊಟ್ಟು ಹಾಕಿಸಿದ ಕ್ಯಾಮೆರಾ ರಸ್ತೆಯನ್ನು ಎಷ್ಟು ನೋಡುತ್ತಿತ್ತೋ ಅಷ್ಟೇ ಚೆನ್ನಾಗಿ ಆ ಮನೆಯ ಬಾಗಿಲನ್ನೂ ಅಂಗಳವನ್ನೂ ಬಟ್ಟೆ ಒಣಹಾಕುವ ಹಗ್ಗವನ್ನೂ ನೋಡುತ್ತಿತ್ತು. ಅದರ ತಂತಿ ಹೋಗುತ್ತಿದ್ದದ್ದು ಪೊಲೀಸ್ ಠಾಣೆಗಲ್ಲ, ಮೂಲೆಯ ಒಂದು ಅಂಗಡಿಗೆ. ಅಲ್ಲಿ ಕೆಲಸಕ್ಕಿದ್ದ ಹುಡುಗ ಆ ಗಂಡನ ಸ್ನೇಹಿತ. ಅವನ ಮೊಬೈಲಿನಲ್ಲೇ ಎಲ್ಲವೂ ಕಾಣುತ್ತಿತ್ತು. ಅಂಗಡಿಯವರನ್ನು ವಿಚಾರಿಸಿದರೆ "ಇದು ಪೊಲೀಸರಿಗೆ ಬೇಕಾಗುತ್ತೆ ಅಂತ ಹಾಕಿದ್ದು" ಎಂದರು. ಹಾಗೆಂದು ಯಾರೂ ಬರೆದುಕೊಟ್ಟ ಕಾಗದ ಇರಲಿಲ್ಲ. ಹಲಗೆ ಮಾತ್ರ ಪೊಲೀಸರ ಹೆಸರಿನದು. ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂದು ಚಂದಾ ಕೊಟ್ಟ ನಾವು ಯಾರೂ ಕೇಳಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನೂ ಕೇಳಿರಲಿಲ್ಲ.

ಆದ್ದರಿಂದ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಹೆಣ್ಣುಮಕ್ಕಳ ರಕ್ಷಣೆಯ ಹೆಸರಿನಲ್ಲಿ ಊರೂರಿನಲ್ಲಿ ಏಳುತ್ತಿರುವ ಈ ಕಣ್ಣುಗಳು ಎಲ್ಲಿಯವರೆಗೆ ನೋಡಬಹುದು? ನಮ್ಮ ಹೊಸ್ತಿಲಿನ ಈಚೆಗೆ ನೋಡುವ ಅಧಿಕಾರ ಪೊಲೀಸರಿಗೆ ಇದೆಯೇ? ಪೊಲೀಸರ ಹೆಸರು ಹೇಳುವವರಿಗೆ ಇದೆಯೇ?

ಇಲ್ಲಿ ನಮ್ಮ ಚಳವಳಿಯವರೇ ಒಂದು ಕ್ಷಣ ತಡವರಿಸುತ್ತೇವೆ. ಏಕೆಂದರೆ ಇಷ್ಟು ವರ್ಷ ನಾವು ಹೇಳುತ್ತಾ ಬಂದದ್ದು, ಮನೆಯೊಳಗಿನದು ಖಾಸಗಿ ವಿಷಯವಲ್ಲ ಎಂದು. ಏಟು ತಿಂದ ಹೆಣ್ಣು ಠಾಣೆಯ ಮೆಟ್ಟಿಲು ಹತ್ತಿದರೆ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೋಗಮ್ಮ ಮನೆಗೆ" ಎಂದು ಹಿಂದಕ್ಕೆ ಕಳಿಸುತ್ತಿದ್ದ ಕಾಲವನ್ನು ಕಂಡವರು ನಾವು. ಸೀಮೆಎಣ್ಣೆ ಸ್ಟೋವು ಸೊಸೆಯಂದಿರ ಮೇಲೆ ಮಾತ್ರ ಏಕೆ ಸಿಡಿಯುತ್ತದೆ, ಅತ್ತೆ ನಾದಿನಿಯರ ಮೇಲೆ ಏಕೆ ಸಿಡಿಯುವುದಿಲ್ಲ ಎಂದು ಬೀದಿಯಲ್ಲಿ ನಿಂತು ಕೇಳಿದೆವು. 1983ರಲ್ಲಿ ಭಾರತ ದಂಡ ಸಂಹಿತೆಗೆ 498ಎ ಸೇರಿದ್ದು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಸೇರಿದ್ದು, 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ ಬಂದದ್ದು, ಇವೆಲ್ಲ ಮುಚ್ಚಿದ ಬಾಗಿಲನ್ನು ತಟ್ಟುವ ಹಕ್ಕಿಗಾಗಿ ನಡೆದ ಹೋರಾಟದ ಫಲ. ಈಗ ನಾವೇ "ಮನೆಯೊಳಗೆ ನೋಡಬೇಡಿ" ಎಂದರೆ, ಹೊಡೆಯುವ ಗಂಡನಿಗೆ ಬಾಗಿಲು ಮುಚ್ಚಿಕೊಟ್ಟಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಏಕೆ ಎಂದು ಬಿಡಿಸಿ ನೋಡೋಣ. ಹೆಂಡತಿಯ ಕೂಗನ್ನು ಮುಚ್ಚಿಹಾಕುವ ಗೋಡೆಯೂ, ಹೆಣ್ಣು ಬಟ್ಟೆ ಬದಲಿಸುವಾಗ, ಮಗುವಿಗೆ ಹಾಲೂಡಿಸುವಾಗ, ತಾಯಿಯ ಹತ್ತಿರ ಅಳುವಾಗ ಅವಳ ಮಾನ ಕಾಯುವ ಗೋಡೆಯೂ ಒಂದೇ ಗೋಡೆ. ನಾವು ಕೇಳಿದ್ದು ಆ ಗೋಡೆಯನ್ನು ಕೆಡವಿ ಎಂದಲ್ಲ. ಒಳಗಿರುವ ಹೆಣ್ಣು ಕೂಗಿದಾಗ ಬಾಗಿಲು ತೆರೆಯಿರಿ ಎಂದು. ಅವಳು ಕರೆದಾಗ ಬರುವುದು ರಕ್ಷಣೆ. ಕರೆಯದೆ ದಿನವಿಡೀ ಇಣುಕುವುದು ಕಾವಲು. ಕಾವಲು ಎಂಬುದು ನಮಗೆ ಹೊಸದೇನೂ ಅಲ್ಲ. ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ, ಎಷ್ಟು ಹೊತ್ತಿಗೆ ಬಂದೆ ಎಂದು ಅಪ್ಪ, ಅಣ್ಣ, ಗಂಡ, ಕೊನೆಗೆ ಮಗನೂ ಲೆಕ್ಕ ಕೇಳಿದ್ದಾರೆ. ಆ ಲೆಕ್ಕವನ್ನು ಒಂದು ಯಂತ್ರಕ್ಕೆ ಒಪ್ಪಿಸಿದ ಮಾತ್ರಕ್ಕೆ ಅದು ರಕ್ಷಣೆಯಾಗುವುದಿಲ್ಲ.

ಈ ಮಾತನ್ನು ದೇಶದ ಅತ್ಯುನ್ನತ ನ್ಯಾಯಾಲಯವೂ ಒಪ್ಪಿದೆ. ಅದಕ್ಕೆ ಕಾರಣರಾದವರು ನಮ್ಮ ಕರ್ನಾಟಕದವರೇ. ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು, ವಯಸ್ಸು ಎಂಬತ್ತು ದಾಟಿದ ಮೇಲೆ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು, ಅದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದು ಒಮ್ಮತದಿಂದ ಸಾರಿತು. ಅದೇ ತೀರ್ಪಿನಲ್ಲಿ ನಮ್ಮ ಸಂದೇಹಕ್ಕೂ ಉತ್ತರವಿದೆ. ಖಾಸಗಿತನದ ಹೆಸರು ಹೇಳಿ ಪುರುಷ ಪ್ರಧಾನ ಮನೋಭಾವವನ್ನು ಮುಚ್ಚಿಡಲು ಬಿಡಬಾರದು, ಮನೆಯೊಳಗೆ ಹೆಣ್ಣಿನ ಘನತೆಗೆ ಆಗುವ ಧಕ್ಕೆಯನ್ನು ಸರ್ಕಾರ ಗಂಭೀರವಾಗಿ ಪರಿಗಣಿಸಬೇಕು, ಜೊತೆಗೆ ಆ ಹೆಣ್ಣಿನ ಸ್ವಂತ ಖಾಸಗಿತನವನ್ನೂ ಕಾಪಾಡಬೇಕು ಎಂಬ ಅರ್ಥದ ಮಾತುಗಳು ಅಲ್ಲಿವೆ. ಅಂದರೆ ಖಾಸಗಿತನ ಮನೆಯ ಯಜಮಾನನ ಆಸ್ತಿಯಲ್ಲ. ಅದು ಮನೆಯಲ್ಲಿರುವ ಒಬ್ಬೊಬ್ಬರದು. ಹೆಂಡತಿಯದು, ಸೊಸೆಯದು, ಮನೆಗೆಲಸಕ್ಕೆ ಬರುವವಳದೂ ಹೌದು.

ಪೊಲೀಸರ ಕಣ್ಣಿಗೆ ಗಡಿ ಹಾಕುವ ಮಾತು ಇದಕ್ಕೂ ಹಳೆಯದು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತ ಡಕಾಯಿತಿಯ ಆರೋಪ ಹೊತ್ತು, ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾದವನು. ಆದರೂ ಪೊಲೀಸರು ಅವನ ಹೆಸರನ್ನು ತಮ್ಮ ಪಟ್ಟಿಯಲ್ಲಿಟ್ಟುಕೊಂಡು ರಾತ್ರಿ ಹೊತ್ತು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್, ಹೀಗೆ ರಾತ್ರಿ ಮನೆಗೆ ನುಗ್ಗಿ ನೋಡುವ ನಿಯಮವನ್ನು ರದ್ದು ಮಾಡಿತು. ಆದರೆ ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದೂ ಹೇಳಿಬಿಟ್ಟಿತು. ಆ ಎರಡನೆಯ ಮಾತನ್ನು 2017ರ ತೀರ್ಪು ತೊಡೆದುಹಾಕಿತು. ನೆರೆಯ ಕೇರಳದ ಹೈಕೋರ್ಟು ಕೂಡ 2025ರಲ್ಲಿ, ಕಣ್ಗಾವಲಿನ ನೆಪದಲ್ಲಿ ಶಂಕಿತರ ಮನೆಯ ಬಾಗಿಲನ್ನು ಪೊಲೀಸರು ರಾತ್ರಿ ಬಡಿಯುವಂತಿಲ್ಲ ಎಂದಿದೆ. ಕಳವಿನ ಆರೋಪ ಹೊತ್ತವನ ಬಾಗಿಲಿಗೇ ಇಷ್ಟು ಬೆಲೆ ಇರುವಾಗ, ಯಾವ ಆರೋಪವೂ ಇಲ್ಲದ ನಮ್ಮ ನಿಮ್ಮ ಬಾಗಿಲಿಗೆ ಎಷ್ಟು ಬೆಲೆ ಇರಬೇಕು!

2017ರ ತೀರ್ಪಿನಿಂದ ಮೂರು ಅಳತೆಗೋಲುಗಳು ಸಿಗುತ್ತವೆ. ಇವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಸರ್ಕಾರ ನಮ್ಮ ಖಾಸಗಿತನದೊಳಗೆ ಕೈ ಹಾಕಬೇಕಾದರೆ, ಒಂದು, ಅದಕ್ಕೆ ಕಾನೂನಿನ ಆಧಾರವಿರಬೇಕು. ಎರಡು, ನ್ಯಾಯವಾದ ಉದ್ದೇಶವಿರಬೇಕು. ಮೂರು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು, ಹೆಚ್ಚಲ್ಲ. ಸರಗಳ್ಳರನ್ನು ಹಿಡಿಯಲು ರಸ್ತೆಯನ್ನು ನೋಡಿದರೆ ಸಾಕು. ಅದಕ್ಕೆ ನಮ್ಮ ಬಚ್ಚಲಿನ ಕಿಟಕಿ ಕಾಣಬೇಕಾಗಿಲ್ಲ.

ಇನ್ನು ನಮ್ಮ ರಾಜ್ಯದ ಕಾನೂನನ್ನು ನೋಡೋಣ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ ಎಂಬುದು 2017ರಲ್ಲಿ ಬಂತು. ಒಂದೇ ಸಮಯಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು, ಅಂದರೆ ದೊಡ್ಡ ಅಂಗಡಿಗಳು, ಆಸ್ಪತ್ರೆ, ಕಾಲೇಜು, ಬಸ್ ನಿಲ್ದಾಣ, ಪ್ರಾರ್ಥನಾ ಸ್ಥಳ ಮುಂತಾದವು, ಸಿ.ಸಿ.ಟಿ.ವಿ. ಹಾಕಿಸಲೇಬೇಕು, ಚಿತ್ರಗಳನ್ನು 30 ದಿನ ಇಟ್ಟುಕೊಂಡಿರಬೇಕು, ಪೊಲೀಸರು ಕೇಳಿದಾಗ ಕೊಡಬೇಕು ಎಂದು ಅದು ಹೇಳುತ್ತದೆ. ತಪ್ಪಿದರೆ ದಂಡವಿದೆ. ಆದರೆ ಗಮನಿಸಿ, ಅದು ಮಾತಾಡುವುದು ಜನ ಸೇರುವ ಜಾಗಗಳ ಬಗ್ಗೆ. ಸಂಸಾರ ಮಾಡಿಕೊಂಡಿರುವ ಸಾಧಾರಣ ಮನೆಯವರು ಕ್ಯಾಮೆರಾ ಹಾಕಿಸಲೇಬೇಕೆಂದು ಅದು ಹೇಳುವುದಿಲ್ಲ. ಮನೆಯ ಒಳಗೆ ನೋಡಲು ಪೊಲೀಸರಿಗೆ ಅದು ಅಧಿಕಾರವನ್ನೂ ಕೊಡುವುದಿಲ್ಲ.

ಆದ್ದರಿಂದ ನಿಮ್ಮ ಕಾಂಪೌಂಡಿಗೆ, ನಿಮ್ಮ ಮಹಡಿಗೆ ಒಂದು ಕ್ಯಾಮೆರಾ ಬಿಗಿಯುತ್ತೇವೆ ಎಂದು ಯಾರಾದರೂ ಬಂದರೆ, ಅದು ಕೋರಿಕೆಯೇ ಹೊರತು ಆಜ್ಞೆಯಲ್ಲ. ಆಜ್ಞೆ ಎನ್ನುವುದಾದರೆ ಯಾವ ಕಾನೂನಿನ ಕೆಳಗೆ ಎಂದು ಬರೆದು ಕೊಡಲಿ. ಒಪ್ಪಿಗೆ ಇದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ ಎನ್ನಿ. ಒಪ್ಪಿದರೂ ಎತ್ತ ತಿರುಗಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿ. ನೀವೇ ಹಾಕಿಸಿಕೊಂಡ ಕ್ಯಾಮೆರಾದ ಚಿತ್ರ ಒಂದು ಅಪರಾಧದ ತನಿಖೆಗೆ ಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಂತೆ ಠಾಣಾಧಿಕಾರಿ ಲಿಖಿತವಾಗಿ ಕೇಳಬಹುದು. ಆಗ ಸಹಕರಿಸುವುದು ನಮ್ಮ ಕರ್ತವ್ಯ. ಕೊಟ್ಟದ್ದಕ್ಕೆ ರಸೀದಿ ಕೇಳುವುದು ನಮ್ಮ ಹಕ್ಕು. ನಿರ್ದಿಷ್ಟ ಅಪರಾಧಕ್ಕೆ ನಿರ್ದಿಷ್ಟ ದಿನದ ಚಿತ್ರ ಕೇಳುವುದು ಬೇರೆ, ನಮ್ಮ ಮನೆಯ ಕ್ಯಾಮೆರಾವನ್ನೇ ಇಪ್ಪತ್ನಾಲ್ಕು ಗಂಟೆಯೂ ಠಾಣೆಗೆ ಜೋಡಿಸಿಕೊಡಿ ಎನ್ನುವುದು ಬೇರೆ.

ಹಾಗಾದರೆ ಪೊಲೀಸರು ಮನೆಯೊಳಗೆ ಬರುವಂತೆಯೇ ಇಲ್ಲವೇ? ಬರಬಹುದು, ಕಾನೂನಿನ ದಾರಿಯಲ್ಲಿ. ಶೋಧನೆ ಮಾಡಬೇಕಾದರೆ ನ್ಯಾಯಾಲಯದ ವಾರಂಟ್ ಬೇಕು. ತುರ್ತಿನಲ್ಲಿ ವಾರಂಟ್ ಇಲ್ಲದೆ ಬಂದರೆ ತನಿಖಾಧಿಕಾರಿ ಅದಕ್ಕೆ ಕಾರಣಗಳನ್ನು ಬರೆದಿಡಬೇಕು. ಈಗ 105ನೆಯ ಕಲಮಿನ ಪ್ರಕಾರ ಶೋಧನೆಯ ವಿಡಿಯೋ ಚಿತ್ರೀಕರಣವೂ ಆಗಬೇಕು, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇಲ್ಲಿಯೂ ಒಂದು ಕ್ಯಾಮೆರಾ ಮನೆಯೊಳಗೆ ಬಂತು ನಿಜ. ಆದರೆ ಅದು ಮನೆಯವರ ಮೇಲೆ ಮಾತ್ರವಲ್ಲ, ಹುಡುಕುವವರ ಮೇಲೂ ಇರುವ ಕಾವಲು. ಒಂದು ಗಂಟೆ ಇದ್ದು ಹೋಗುತ್ತದೆ, ನ್ಯಾಯಾಧೀಶರಿಗೆ ಲೆಕ್ಕ ಒಪ್ಪಿಸುತ್ತದೆ. ಕಂಬದ ಮೇಲಿನ ಕ್ಯಾಮೆರಾ ಯಾರಿಗೂ ಲೆಕ್ಕ ಒಪ್ಪಿಸದೆ ವರ್ಷವಿಡೀ ನೋಡುತ್ತಿರುತ್ತದೆ. ವಾರಂಟ್ ಇಲ್ಲದೆ ಕಾಲಿನಿಂದ ದಾಟಬಾರದ ಹೊಸ್ತಿಲನ್ನು ಕಣ್ಣಿನಿಂದ ದಾಟಬಹುದು ಎನ್ನುವುದು ಯಾವ ನ್ಯಾಯ?

ಇದೇ ಪ್ರಶ್ನೆ ಬೇರೆ ದೇಶಗಳಲ್ಲೂ ಎದ್ದಿದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಪೊಲೀಸರು ವಿದ್ಯುತ್ ಕಂಬಕ್ಕೆ ಕ್ಯಾಮೆರಾ ಕಟ್ಟಿ, ಬೇಲಿ ಹಾಕಿದ್ದ ಒಬ್ಬನ ಹಿತ್ತಲನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಹಗಲೂ ರಾತ್ರಿ ನೋಡಿದರು. ವಾರಂಟ್ ತೆಗೆದುಕೊಂಡಿರಲಿಲ್ಲ. 2021ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಅಷ್ಟು ದೀರ್ಘಕಾಲ ಹಿತ್ತಲನ್ನು ನೋಡುವುದೂ ಒಂದು ಶೋಧನೆಯೇ, ವಾರಂಟ್ ಇಲ್ಲದೆ ಅದು ತಪ್ಪು ಎಂದಿತು. ದಾರಿಹೋಕನೊಬ್ಬ ಒಮ್ಮೆ ಕತ್ತು ಎತ್ತಿ ನೋಡಿ ಮುಂದೆ ಹೋಗುವುದಕ್ಕೂ, ರೆಪ್ಪೆ ಬಡಿಯದ ಕಣ್ಣೊಂದು ನೋಡಿ ನೆನಪಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಅಲ್ಲಿನ ಎಲ್ಲ ನ್ಯಾಯಾಲಯಗಳೂ ಹೀಗೆ ಹೇಳಿಲ್ಲ. ನಮ್ಮಲ್ಲಂತೂ ಪೊಲೀಸ್ ಕ್ಯಾಮೆರಾ ಎತ್ತ ತಿರುಗಬಹುದು, ಎತ್ತ ತಿರುಗಬಾರದು ಎಂದು ಹೇಳುವ ಪ್ರತ್ಯೇಕ ಕಾಯ್ದೆಯೇ ಇಲ್ಲ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಸರ್ಕಾರಕ್ಕೆ ದೊಡ್ಡ ವಿನಾಯಿತಿಗಳನ್ನು ಕೊಟ್ಟಿದೆ, ಮನೆಬಳಕೆಗೆ ಎಂದು ಒಬ್ಬ ವ್ಯಕ್ತಿ ಇಟ್ಟುಕೊಂಡ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಹೆಣ್ಣಿಗೆ ಹೆಚ್ಚು ಅಪಾಯವಿರುವುದು ಈ ಎರಡು ಕಡೆಯಿಂದಲೇ ಎಂಬುದು ಕಾನೂನು ಮಾಡುವವರಿಗೆ ಹೊಳೆಯಲಿಲ್ಲವೇ?

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಕೊರೊನಾ ಕಾಲ. ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ಕಳಿಸಬೇಕು, ಇಲ್ಲದಿದ್ದರೆ ಸಾಮೂಹಿಕ ಕೇಂದ್ರಕ್ಕೆ ಕರೆದೊಯ್ಯುತ್ತೇವೆ ಎಂದು ನಮ್ಮ ರಾಜ್ಯ ಸರ್ಕಾರ ಆದೇಶಿಸಿತ್ತು. ರೋಗ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಸ್ನಾನಕ್ಕೆ ಹೋದವಳು, ಬಾಣಂತಿ, ಮುಟ್ಟಿನ ನೋವಿನಲ್ಲಿ ಮಲಗಿದವಳು ಎಲ್ಲರೂ ಗಂಟೆಗೊಮ್ಮೆ ಮುಖ ತೋರಿಸಬೇಕೆಂದು ಹೇಳುವಾಗ ಹೆಣ್ಣುಮಕ್ಕಳನ್ನು ಯಾರೂ ಕೇಳಿದ್ದಂತೆ ಕಾಣಲಿಲ್ಲ. ಉದ್ದೇಶ ಒಳ್ಳೆಯದಾದರೆ ಸಾಲದು, ಮೂರನೆಯ ಅಳತೆಗೋಲು ಇರುವುದೇ ಇಂಥದ್ದಕ್ಕೆ.

ಈಗ ಪೊಲೀಸರನ್ನು ಬಿಟ್ಟು ಮನೆಯೊಳಗಿನ ಕ್ಯಾಮೆರಾದ ಕಡೆಗೆ ಬರೋಣ. ಹೊರಗಿನ ಕಣ್ಣಿಗೆ ನಾವು ಒಗ್ಗಿಕೊಂಡಂತೆಲ್ಲ ಒಳಗಿನ ಕಣ್ಣೂ ಸಲೀಸಾಗಿ ಬರುತ್ತದೆ. "ಕಳ್ಳರ ಭಯ", "ಮಗು ನೋಡಿಕೊಳ್ಳೋಕೆ" ಎಂದು ನಡುಮನೆಯಲ್ಲಿ, ಅಡಿಗೆಮನೆಯಲ್ಲಿ ಕ್ಯಾಮೆರಾ ಇಟ್ಟು, ಗಂಡ ಕಚೇರಿಯಲ್ಲಿ ಕುಳಿತು ಹೆಂಡತಿಯನ್ನು ನೋಡುವುದು, ಅತ್ತೆ ಬೇರೆ ಊರಿನಿಂದ ಸೊಸೆಯನ್ನು ನೋಡುವುದು ಈಗ ನಾವು ಕೇಳುವ ಕಥೆ. "ನಿನ್ನ ಅಮ್ಮನ ಜೊತೆ ಮುಕ್ಕಾಲು ಗಂಟೆ ಏನು ಮಾತಾಡಿದೆ?" ಇದು ಹೊಡೆತವಲ್ಲ, ಗಾಯದ ಗುರುತಿಲ್ಲ. ಆದರೆ ಉಸಿರು ಕಟ್ಟುತ್ತದೆ. ಒಂದೇ ಮನೆಯಲ್ಲಿ ವಾಸಿಸುವವರ ಒಪ್ಪಿಗೆ ಇಲ್ಲದೆ ಅವರು ವಾಸಿಸುವ ಭಾಗದಲ್ಲಿ ಕ್ಯಾಮೆರಾ ನಡೆಸುವುದು ಅವರ ಖಾಸಗಿತನಕ್ಕೆ ಧಕ್ಕೆ ಎಂದು 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು. ಅದು ಅಣ್ಣತಮ್ಮಂದಿರ ನಡುವಿನ ವ್ಯಾಜ್ಯ. ಸುಪ್ರೀಂ ಕೋರ್ಟ್ ಆ ತೀರ್ಪಿನ ಮೇಲೆ ಕೈ ಹಾಕಲು ನಿರಾಕರಿಸಿತು. ಅಣ್ಣನ ಕ್ಯಾಮೆರಾದಿಂದ ತಮ್ಮನಿಗೆ ರಕ್ಷಣೆ ಇದ್ದರೆ, ಗಂಡನ ಕ್ಯಾಮೆರಾದಿಂದ ಹೆಂಡತಿಗೆ ಇರಬಾರದೇ? ಅದೇ ವಾದವನ್ನು ನಮ್ಮ ವಕೀಲರೂ ಎತ್ತಬೇಕು.

ಕೈಗೆ ಸಿಗುವ ಕಾನೂನುಗಳು ಇನ್ನೂ ಇವೆ. ಯಾರೂ ನೋಡುವುದಿಲ್ಲವೆಂದು ನಂಬಿರುವ ಖಾಸಗಿ ಸಮಯದಲ್ಲಿ ಹೆಣ್ಣನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ಸೆರೆವಾಸ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು, ಒಪ್ಪಿಗೆ ಇಲ್ಲದೆ ದೇಹದ ಗುಪ್ತ ಭಾಗಗಳ ಚಿತ್ರ ತೆಗೆಯುವವರಿಗೆ 3 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿಯವರೆಗೆ ದಂಡ ಎನ್ನುತ್ತದೆ. ಕೌಟುಂಬಿಕ ಹಿಂಸೆಯ ಕಾಯ್ದೆ ಮಾನಸಿಕ ಹಿಂಸೆಯನ್ನೂ ಹಿಂಸೆ ಎಂದೇ ಕರೆಯುತ್ತದೆ. ಕ್ಯಾಮೆರಾ ತೆಗೆಸಿ ಎಂದು ಸಂರಕ್ಷಣಾ ಆದೇಶವನ್ನು ಮ್ಯಾಜಿಸ್ಟ್ರೇಟರ ಮುಂದೆ ಕೋರಬಹುದು. ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಗುತ್ತದೆ.

"ಮೇಡಂ, ಕ್ಯಾಮೆರಾ ಇದ್ದದ್ದಕ್ಕೇ ತಾನೆ ನನ್ನ ಕೇಸು ನಿಂತದ್ದು" ಎಂದು ನಮ್ಮ ಸಂಘದ ಇನ್ನೊಬ್ಬಾಕೆ ಹೇಳಿದಳು. ಅವಳ ಮಾತೂ ಸತ್ಯ. ನಾಲ್ಕು ಗೋಡೆಗಳ ನಡುವೆ ಏಟು ತಿಂದವಳಿಗೆ ಸಾಕ್ಷಿ ಇರುವುದಿಲ್ಲ. ಬೀದಿಯಲ್ಲಿ ಜುಟ್ಟು ಹಿಡಿದು ಎಳೆದಾಡಿದ್ದನ್ನು ಎದುರಿನ ಅಂಗಡಿಯ ಕ್ಯಾಮೆರಾ ಕಂಡಿದ್ದರೆ ಅದು ದೊಡ್ಡ ಆಸರೆ. ಅಂಥ ಸಂದರ್ಭದಲ್ಲಿ ತಡಮಾಡಬೇಡಿ. ಹೆಚ್ಚಿನ ಯಂತ್ರಗಳಲ್ಲಿ ಹಳೆಯ ಚಿತ್ರ ತಾನಾಗಿ ಅಳಿಸಿ ಹೋಗುತ್ತದೆ. ಕಾಯ್ದೆಗೆ ಒಳಪಟ್ಟ ಸಂಸ್ಥೆಯಲ್ಲೂ 30 ದಿನದ ಮಾತು ಅಷ್ಟೇ. ದೂರು ಕೊಡುವ ದಿನವೇ ಆ ಚಿತ್ರವನ್ನು ವಶಪಡಿಸಿಕೊಳ್ಳಿ ಎಂದು ದೂರಿನಲ್ಲೇ ಬರೆಯಿರಿ. ಅದು ಸಾಕ್ಷ್ಯವಾಗಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು ಎಂಬುದನ್ನೂ ವಕೀಲರಿಗೆ ನೆನಪಿಸಿ. ಆದರೆ ಇನ್ನೊಂದು ಮುಖವೂ ಇದೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಗುಟ್ಟಾಗಿ ಧ್ವನಿಮುದ್ರಿಸಿಕೊಂಡದ್ದನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ತರಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಣ್ಣಿಗೂ ಅದು ಉಪಯೋಗಕ್ಕೆ ಬರಬಹುದು. ಆದರೆ ಯಂತ್ರ ಕೊಂಡವನು, ಪಾಸ್‌ವರ್ಡ್ ಇಟ್ಟುಕೊಂಡವನು, ತನಗೆ ಬೇಕಾದ ತುಣುಕು ಉಳಿಸಿಕೊಂಡು ಬೇಡದ್ದನ್ನು ಅಳಿಸುವವನು ಸಾಮಾನ್ಯವಾಗಿ ಯಾರು? ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದರ ಮೇಲೆ ಕ್ಯಾಮೆರಾ ಯಾರ ಸಾಕ್ಷಿ ಎಂಬುದು ನಿರ್ಧಾರವಾಗುತ್ತದೆ.

ನಿರ್ಭಯಾ ನಿಧಿಯನ್ನು 2013ರಲ್ಲಿ 1,000 ಕೋಟಿ ರೂಪಾಯಿಯಿಂದ ಆರಂಭಿಸಿದರು. ದೆಹಲಿಯ ಆ ಹೆಣ್ಣುಮಗಳ ಸಾವಿಗೆ ದೇಶವೇ ಅತ್ತ ಕಣ್ಣೀರಿನಿಂದ ಹುಟ್ಟಿದ ಹಣ ಅದು. ಆ ನಿಧಿಯಿಂದ ಬೆಂಗಳೂರೂ ಸೇರಿ ಎಂಟು ಮಹಾನಗರಗಳಿಗೆ ಸುರಕ್ಷಿತ ನಗರ ಯೋಜನೆ ಬಂತು. ಬೆಂಗಳೂರಿನಲ್ಲಿ ಸಾವಿರಾರು ಕ್ಯಾಮೆರಾಗಳು ಎದ್ದವು, 2023ರಲ್ಲಿ ಅವನ್ನು ನೋಡುವ ನಿಯಂತ್ರಣ ಕೇಂದ್ರವೂ ಉದ್ಘಾಟನೆಯಾಯಿತು. ಬೀದಿಯಲ್ಲಿ ಹೆಣ್ಣು ನಿರ್ಭಯವಾಗಿ ಓಡಾಡಬೇಕೆಂಬುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬೀದಿಯ ಅಪರಿಚಿತನಿಗೆ ಹೆದರಿ ಬಂದವರಲ್ಲ, ಮನೆಯ ಪರಿಚಿತನಿಗೆ ಹೆದರಿ ಬಂದವರು. ಅವರಿಗೆ ಬೇಕಾದದ್ದು ರಾತ್ರಿ ತಂಗಲು ಒಂದು ಜಾಗ, ಮಾತು ಕೇಳುವ ಒಬ್ಬ ಸಂರಕ್ಷಣಾಧಿಕಾರಿ, ದೂರು ಬರೆದುಕೊಳ್ಳುವ ಒಂದು ಠಾಣೆ. ಕಂಬಕ್ಕೆ ಸುರಿಯುವ ಹಣದಲ್ಲಿ ಇವಕ್ಕೂ ಪಾಲು ಕೇಳಬೇಕಲ್ಲವೇ?

ಕ್ಯಾಮೆರಾ ಖಂಡಿತವಾಗಿ ಇರಲೇಬೇಕಾದ ಜಾಗ ಒಂದಿದೆ. ಅದು ಪೊಲೀಸ್ ಠಾಣೆಯ ಒಳಗೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್, ಪ್ರತಿ ಠಾಣೆಯ ಒಳಬರುವ ಹೊರಹೋಗುವ ಬಾಗಿಲು, ಲಾಕಪ್ಪು, ಓಣಿ, ಅಧಿಕಾರಿಗಳ ಕೋಣೆ ಎಲ್ಲ ಕಡೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು, ಚಿತ್ರಗಳನ್ನು 18 ತಿಂಗಳು ಕಾಪಾಡಬೇಕು, ಅದು ಸಾಧ್ಯವಾಗದ ಕಡೆ ಕನಿಷ್ಠ 1 ವರ್ಷವಾದರೂ ಇಡಬೇಕು ಎಂದು ಆದೇಶಿಸಿತು. 2025ರಲ್ಲಿ, ಠಾಣೆಗಳಲ್ಲಿ ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲವೆಂಬ ವರದಿ ನೋಡಿ ಅದೇ ನ್ಯಾಯಾಲಯ ತಾನಾಗಿಯೇ ಮತ್ತೆ ವಿಚಾರಣೆಗೆ ತೆಗೆದುಕೊಳ್ಳಬೇಕಾಯಿತು. ದೂರು ಕೊಡಲು ಹೋದ ಹೆಣ್ಣನ್ನು ಎಷ್ಟು ಗಂಟೆ ಬೆಂಚಿನ ಮೇಲೆ ಕೂರಿಸಿದರು, ರಾಜಿ ಮಾಡಿಕೋ ಎಂದು ಯಾರು ಗದರಿಸಿದರು ಎಂಬುದಕ್ಕೆ ಆ ಕ್ಯಾಮೆರಾವೇ ಸಾಕ್ಷಿ. ಅಧಿಕಾರ ಇರುವವರನ್ನು ನೋಡುವ ಕ್ಯಾಮೆರಾ ಕೆಟ್ಟಿರುತ್ತದೆ, ಅಧಿಕಾರ ಇಲ್ಲದವರನ್ನು ನೋಡುವ ಕ್ಯಾಮೆರಾ ಚೆನ್ನಾಗಿ ನಡೆಯುತ್ತಿರುತ್ತದೆ. ಇದನ್ನು ತಿರುಗಿಸಬೇಕಾಗಿದೆ.

ಹಾಗಾಗಿ ಸೋದರಿಯರೇ, ನಿಮ್ಮ ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ನಿಮ್ಮ ಬೀದಿಯ ಕ್ಯಾಮೆರಾಗಳನ್ನು ಎಣಿಸಿ. ಅವು ಎತ್ತ ನೋಡುತ್ತಿವೆ ಎಂದು ನಿಂತು ನೋಡಿ. ಯಾರದು, ಎಲ್ಲಿ ದಾಖಲಾಗುತ್ತದೆ, ಎಷ್ಟು ದಿನ ಇರುತ್ತದೆ, ಯಾರ ಮೊಬೈಲಿನಲ್ಲಿ ಕಾಣುತ್ತದೆ ಎಂದು ಕೇಳಿ. ಪೊಲೀಸರದು ಎಂದರೆ ಠಾಣೆಗೆ ಲಿಖಿತವಾಗಿ ಬರೆಯಿರಿ, ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಮನೆಯ ಬಾಗಿಲು, ಕಿಟಕಿ, ಅಂಗಳ ಕಾಣುವಂತಿದ್ದರೆ ತಿರುಗಿಸಲು ಹೇಳಿ. ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಒಬ್ಬಳೇ ಹೋಗಿ ಕೇಳಿದರೆ "ನಿಮಗೇನು ಮುಚ್ಚಿಡೋದಿದೆ?" ಎನ್ನುತ್ತಾರೆ. ಇಪ್ಪತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ.

ನಾವು ಹೋದೆವು. ಅಂಗಡಿಯವರು ಮೊದಲು ಸಿಡಿಮಿಡಿಗೊಂಡರು, ಆಮೇಲೆ ಒಪ್ಪಿದರು. ಏಣಿ ತಂದು ಎರಡು ಸ್ಕ್ರೂ ಸಡಿಲಿಸಿ ಕ್ಯಾಮೆರಾವನ್ನು ರಸ್ತೆಯ ಕಡೆಗೆ ತಿರುಗಿಸಲು ಅರ್ಧ ಗಂಟೆ ಹಿಡಿಯಿತು. ಪಾಸ್‌ವರ್ಡ್ ಬದಲಾಯಿತು. ಓಣಿಯ ಇಬ್ಬರು ಹಿರಿಯ ಹೆಂಗಸರ ಒಪ್ಪಿಗೆ ಇಲ್ಲದೆ ಯಾರಿಗೂ ಚಿತ್ರ ತೋರಿಸಬಾರದು, ಪೊಲೀಸರು ಕೇಳಿದರೆ ಪತ್ರ ಪಡೆದು ಕೊಡಬೇಕು ಎಂದು ಬರೆದುಕೊಂಡೆವು. ಹುಡುಗನ ಮೇಲೂ ಗಂಡನ ಮೇಲೂ ದೂರು ಕೊಡುವ ವಿಚಾರವನ್ನು ಅವಳಿಗೇ ಬಿಟ್ಟೆವು. ಅವಳು ತನ್ನ ವಕೀಲರಿಗೆ ಹೇಳಿ ಇದನ್ನೂ ತನ್ನ ಅರ್ಜಿಯಲ್ಲಿ ಸೇರಿಸಿದಳು.

ಮುಂದಿನ ವಾರ ಅವಳು ಸಭೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆ ಒಮ್ಮೆ ತಲೆ ಎತ್ತಿ ಕಂಬದ ಕಡೆ ನೋಡಿದ್ದನ್ನು ಕಂಡೆ. ಅಷ್ಟು ಬೇಗ ಹೋಗುವ ಭಯವಲ್ಲ ಅದು. ಅದನ್ನು ಅವಳೊಳಗೆ ಇಟ್ಟದ್ದರಲ್ಲಿ ನನ್ನ ಚಂದಾದ ಪಾಲೂ ಇತ್ತು ಎಂಬುದನ್ನು ನಾನು ಮರೆಯುವುದಿಲ್ಲ. ನೀವು ಚಂದಾ ಕೊಡುವ ಮುಂಚೆಯೇ ಕೇಳಿ.